ಕ್ಯಾಸೆಟ್ಟಿನ ಕೊನೆಯ ಹಾಡು

ಆ ಕಾಲದಲ್ಲಿ ಯಾವ ಕ್ಯಾಸೆಟ್ ಕೊಂಡರೂ ಅದರ ಕೊನೆಯಲ್ಲಿ ಒಂದು ಸನ್ನಡತೆಯ ಗೀತೆ ಇರಲೇಬೇಕೆಂಬುದು ಸರ್ಕಾರದ ಕಟ್ಟಳೆ. ಪ್ರೇಮದ್ದು, ವಿರಹದ್ದು ಎಂದು ಹತ್ತು ಹಾಡು ಮುಗಿದ ಮೇಲೆ ದೇಶ ಕಟ್ಟೋಣ, ಬೇಗ ಏಳೋಣ, ಸಾಲಾಗಿ ನಡೆಯೋಣ ಎನ್ನುವ ಹನ್ನೊಂದನೆಯದು. ಅದು ಶುರುವಾಗುವ ಮೊದಲೇ ಜನ ಗುಂಡಿ ಒತ್ತಿ ಟೇಪು ನಿಲ್ಲಿಸುತ್ತಿದ್ದರು. ಬೊಕ್‌ಹೀ ಕೂಡ ಹಾಗೆಯೇ. ಒಂಬತ್ತು ವರ್ಷದಿಂದ ಕೇಳುತ್ತಿದ್ದ ತನ್ನ ಹಳೆಯ ಕ್ಯಾಸೆಟ್ಟಿನ ಕೊನೆಯ ಹಾಡು ಯಾವುದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಎಂಬತ್ತಾರರ ನವೆಂಬರ್ ಮೊದಲ ವಾರ. ಮಾಸಾನ್ ಬಂದರಿನ ಮೇಲಿನ ಗುಡ್ಡದ ಓಣಿಯಲ್ಲಿ, ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಅವಳು ಮಾರುಕಟ್ಟೆಯ ಅಂಗಡಿಗೆಂದು ಎರಡು ಮೂಟೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಮೊಣಕೈವರೆಗೆ ಬೆಳ್ಳುಳ್ಳಿಯ ಅಂಟು. ಹತ್ತನೆಯ ಹಾಡು ಮುಗಿಯಿತು. ಈ ಕೈಯಲ್ಲಿ ಟೇಪು ಮುಟ್ಟಿದರೆ ಅತ್ತೆ ಒಂದು ವಾರ ಮಾತಾಡುತ್ತಾಳೆ. ಹಾಳಾಗಿ ಹೋಗಲಿ, ಬಡಿದುಕೊಳ್ಳಲಿ ಎಂದು ಸುಮ್ಮನಾದಳು.

ಬಡಿದುಕೊಂಡದ್ದು ಡ್ರಮ್ಮು. ಆಮೇಲೆ ಗರಗಸ ಎಳೆದಂತೆ ಗಿಟಾರು. ಇದೇನಪ್ಪಾ ಎಂದುಕೊಳ್ಳುವಷ್ಟರಲ್ಲಿ ಒಬ್ಬ ಹುಡುಗ ಹಾಡತೊಡಗಿದ. *ಮಂಜುಗಡ್ಡೆಯ ಕೆಳಗೂ ಹೊಳೆ ಹರಿಯುತ್ತಿದೆ, ಕಿವಿಗೊಟ್ಟು ಕೇಳು.* ಎರಡನೆಯ ಚರಣಕ್ಕೆ ಒಬ್ಬ ಹುಡುಗಿ ಬಂದಳು. *ನಿನ್ನ ಕೈ ತಣ್ಣಗಿದ್ದರೆ ನನ್ನ ಕೈ ಹಿಡಿ, ನಾವಿಬ್ಬರೂ ನಡೆದದ್ದೇ ದಾರಿ.* ಅಷ್ಟೇನೂ ನುರಿತ ಗಂಟಲಲ್ಲ. ಆದರೂ ಬೊಕ್‌ಹೀಗೆ ಮೈ ಜುಮ್ಮೆಂದಿತು. ಶಾಲೆ ಬಿಟ್ಟ ಮೇಲೆ ಹಾಡಿಗೆ ಬಾಯಿ ತೆರೆಯದವಳು ಅವಳು. ಆಗಿನಿಂದ ಈ ಮೂವತ್ತೆರಡು ವರ್ಷ ಅವಳ ಕೈ ತಣ್ಣಗಿದೆಯೋ ಬೆಚ್ಚಗಿದೆಯೋ ಎಂದು ಕೇಳಿದವರಿಲ್ಲ. ಕಣ್ಣಲ್ಲಿ ನೀರು ಬಂತು. ಬೆಳ್ಳುಳ್ಳಿಗೆ ಹಾಗೆ ನೀರು ಬರುವುದಿಲ್ಲ.

ಅತ್ತೆ ಒಳಗಿನಿಂದ ಕೂಗಿದಳು. "ಅದೇನೇ ಅದು, ತಗಡಿನ ಮೇಲೆ ಕಲ್ಲು ಸುರಿದ ಹಾಗೆ?"

"ಸರ್ಕಾರದ ಹಾಡು, ಅತ್ತೆ."

"ಸರ್ಕಾರಕ್ಕೂ ತಲೆ ಕೆಟ್ಟಿತಾ?"

ಕೈ ತೊಳೆದು ಬಂದು ಬೊಕ್‌ಹೀ ಅದನ್ನೇ ಇನ್ನೊಮ್ಮೆ ಹಾಕಿದಳು. ಮರುದಿನ ಮತ್ತೆ. ನಾಲ್ಕನೆಯ ದಿನಕ್ಕೆ ಮಾತುಗಳೆಲ್ಲ ಬಾಯಿಗೆ ಬಂದಿದ್ದವು. ಬೆಳಗ್ಗೆ ಒಲೆಗೆ ಕಲ್ಲಿದ್ದಲ ಬಿಲ್ಲೆ ಬದಲಿಸುವಾಗ ಗುನುಗುವುದು, ಪಾತ್ರೆ ಉಜ್ಜುವಾಗ ಗುನುಗುವುದು. ಗಂಡ ಮಾನ್‌ಸಿಕ್ ನಗರದ ನೀರು ಇಲಾಖೆಯಲ್ಲಿ ಮನೆಮನೆಗೆ ಹೋಗಿ ಮೀಟರ್ ಓದುವವನು. ನಿವೃತ್ತಿಗೆ ಐದು ವರ್ಷ ಉಳಿದಿತ್ತು, ಆ ಐದು ವರ್ಷ ಸದ್ದಿಲ್ಲದೆ ಕಳೆದರೆ ಸಾಕೆಂಬುದೇ ಅವನ ದಿನನಿತ್ಯದ ಪ್ರಾರ್ಥನೆ. ಒಂದು ರಾತ್ರಿಯೂಟದ ಹೊತ್ತಿಗೆ ಬಂಗಡೆ ಮೀನಿನ ಮುಳ್ಳು ಬಿಡಿಸುತ್ತಾ ಅವನು ಕೇಳಿದ.

"ಏನೇ, ಹೊಸ ಹಾಡು ಶುರು ಹಚ್ಕೊಂಡಿದೀಯ?"

"ಕ್ಯಾಸೆಟ್ ಕೊನೇಲಿ ಬರುತ್ತಲ್ಲ ರೀ, ಸನ್ನಡತೆದು. ಅದೇ."

"ಡ್ರಮ್ಮು ಬಡೀತಾರೆ ಅದ್ರಲ್ಲಿ."

"ಈಗಿನ ಹುಡುಗ್ರು ಕೇಳ್ಲಿ ಅಂತ ಇರ್ಬೇಕು."

"ಸರ್ಕಾರದ್ದು ಅಂದ್ಮೇಲೆ ಸರಿ ಬಿಡು," ಎಂದು ಮಾನ್‌ಸಿಕ್ ಮೀನಿಗೆ ಮರಳಿದ.

"ಸರ್ಕಾರದ್ದೋ ಸುಡುಗಾಡಿಂದೋ, ದಿನಕ್ಕೆ ಆರು ಸಲ ಕೇಳಿ ನನ್ನ ತಲೆ ಚಿಟ್ಟು ಹಿಡೀತು," ಎಂದಳು ಅತ್ತೆ. ಎಪ್ಪತ್ತೊಂದರ ಮುದುಕಿ, ಯುದ್ಧದಲ್ಲಿ ಉತ್ತರದಿಂದ ಒಂದು ಗಂಟು ಹೊತ್ತು ಇಳಿದು ಬಂದವಳು. ಸೊಸೆಯ ಅಡುಗೆ, ನಡಿಗೆ, ಈಗ ಗಂಟಲು, ಯಾವುದೂ ಅವಳ ಬಾಯಿಂದ ತಪ್ಪಿಸಿಕೊಂಡಿರಲಿಲ್ಲ.

ಮಗಳು ಮಿರಾನ್ ಆ ಊಟಕ್ಕೆ ಇರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಎರಡನೆಯ ವರ್ಷ ಓದುತ್ತಿದ್ದ ಅವಳು ಲೈಬ್ರರಿಯೆಂದು ಹೇಳಿ ಹೋದರೆ ಬರುವುದು ಎಲ್ಲರೂ ಮಲಗಿದ ಮೇಲೆ. ಮುಚ್ಚಿಟ್ಟ ಅನ್ನ ತಿಂದು, ಬಟ್ಟಲು ತೊಳೆದಿಟ್ಟು, ಬೆಳಗ್ಗೆ ಮತ್ತೆ ಹೊರಡುತ್ತಿದ್ದಳು. ಅಕ್ಟೋಬರಿನಿಂದ ಅವಳ ಮುಖ ಸಣ್ಣಗಾಗಿತ್ತು. ಪರೀಕ್ಷೆ ಹತ್ತಿರ ಬಂತು, ಅದಕ್ಕೇ ಇರಬೇಕು ಎಂದುಕೊಂಡಿದ್ದಳು ಬೊಕ್‌ಹೀ.

ಓಣಿಯ ಹದಿನಾಲ್ಕು ಮನೆ ಸೇರಿ ಒಂದು ಗುಂಪು. ಆ ಗುಂಪಿಗೆ ಬೊಕ್‌ಹೀ ಮುಖಂಡೆ. ಪ್ರತಿ ತಿಂಗಳ ಇಪ್ಪತ್ತೈದಕ್ಕೆ, ದೇಶದಲ್ಲೆಲ್ಲ ಒಂದೇ ಸಂಜೆ, ಮನೆಗೊಬ್ಬರು ಒಂದೆಡೆ ಕೂತು ಸರ್ಕಾರದ ತಿಳಿವಳಿಕೆ ಪತ್ರ ಓದಿ ಮೊಹರು ಒತ್ತಬೇಕು. ಈ ತಿಂಗಳು ವಾರ್ಡ್ ಆಫೀಸಿನ ಗುಮಾಸ್ತ ಪ್ಯೋ ಇನ್ನೊಂದು ಕಾಗದ ತಂದ. ಡಿಸೆಂಬರಿನಲ್ಲಿ ತಾಯಂದಿರ ಹಾಡಿನ ಸ್ಪರ್ಧೆಯಂತೆ. ಗುಂಪಿಗೊಂದು ಸನ್ನಡತೆಯ ಗೀತೆ.

"ಎಲ್ಲಾ ಗುಂಪಿನವ್ರೂ ಅದೇ ಹಳೇದು ಹಾಡ್ತಾರೆ ಮುಖಂಡ್ರೆ," ಎಂದು ಪ್ಯೋ ಹಲ್ಲು ಕಿರಿದ. "ನೀವಾದ್ರೂ ಹೊಸದೇನಾದ್ರೂ ಹಾಡಿ. ಮಾತು ಬರ್ದು, ಹೆಸರು ಬರ್ದು, ಮೊಹರು ಒತ್ತಿ ಕೊಡಿ."

ಬೊಕ್‌ಹೀ ಅಂದೇ ಕೂತು ಎರಡು ಚರಣವನ್ನೂ ದುಂಡಗೆ ಬರೆದಳು. ಹಾಡಿನ ಹೆಸರು ಅವಳಿಗೆ ಗೊತ್ತಿರಲಿಲ್ಲ. ಕ್ಯಾಸೆಟ್ಟಿನ ಹೊದಿಕೆಯಲ್ಲಿ ಬೇರೆ ಯಾವುದೋ ಹೆಸರಿತ್ತು, ತಪ್ಪಾಗಿ ಅಚ್ಚಾಗಿದೆ ಎಂದುಕೊಂಡು 'ಬೆಳಗಿನ ಹೊಳೆ' ಎಂದು ತಾನೇ ಇಟ್ಟಳು. ಕೆಳಗೆ ಕೆಂಪು ಮೊಹರು ಒತ್ತಿದಳು. ಕಾಗದದ ಮೇಲೆ ತನ್ನ ಹೆಸರು ಕಂಡು ಒಂದಿಷ್ಟು ಹೆಮ್ಮೆಯೂ ಆಯಿತು.

ಹೆಂಗಸರಿಗೆ ಹಾಡು ಹಿಡಿಸಿಬಿಟ್ಟಿತು. ಎದುರುಮನೆಯ ದರ್ಜಿಯ ಹೆಂಡತಿ, ಎಲ್ಲರ ಬಾಯಲ್ಲೂ ದಾಲ್‌ಸು ಅಮ್ಮ, ಮೊದಲ ದಿನವೇ ಮೂಗೊರೆಸಿಕೊಂಡಳು. "ಇದೇನು ಮಿರಾನ್ ಅಮ್ಮ, ಸರ್ಕಾರದ ಹಾಡು ಕೇಳಿ ಅಳು ಬರೋದು ಅಂದ್ರೆ? ನನಗೆ ವಯಸ್ಸಾಯ್ತು."

"ನಿನಗೆ ಅಳೋಕೆ ಟೊಮೇಟೊ ಹೆಚ್ಚಿದ್ರೂ ಸಾಕು," ಎಂದಳು ಇನ್ನೊಬ್ಬಳು.

ಇಪ್ಪತ್ತನೆಯ ತಾರೀಖು ಓಣಿಯಲ್ಲಿ ಚಳಿಗಾಲದ ಕಿಮ್ಚಿ ಹಾಕುವ ದಿನ. ಬೊಕ್‌ಹೀಯ ಅಂಗಳದಲ್ಲಿ ಇನ್ನೂರು ಎಲೆಕೋಸು ಉಪ್ಪುನೀರಿನಿಂದ ಎದ್ದು ಸಾಲಾಗಿ ಮಲಗಿದ್ದವು. ಹನ್ನೊಂದು ಹೆಂಗಸರು ಕೆಂಪು ರಬ್ಬರ್ ಕೈಗವಸು ತೊಟ್ಟು ಎಲೆಯ ನಡುವೆ ಮೆಣಸಿನ ಮಸಾಲೆ ಹಚ್ಚುತ್ತಿದ್ದರು. ಅತ್ತೆ ಉಪ್ಪು ನೋಡುವ ಯಜಮಾನಿ. ಯಾರೋ ಶುರು ಮಾಡಿದರು, ಎಲ್ಲರೂ ಎತ್ತಿಕೊಂಡರು. ಬೊಕ್‌ಹೀ ಎರಡನೆಯ ಚರಣ ಒಬ್ಬಳೇ ಹಾಡಿದಳು, ಉಳಿದವರು ಬೋಗುಣಿಯ ಅಂಚು ಬಡಿದರು. ಅವಳಿಗೆ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲವೆಂದರೆ ಸುಳ್ಳಲ್ಲ.

ಹಾಡು ಮುಗಿದಾಗ ಗೇಟಿನ ಬಳಿ ಮಿರಾನ್ ನಿಂತಿದ್ದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ.

"ಬಾರೇ, ಬಾಯಿ ತೆಗಿ," ಎಂದು ದಾಲ್‌ಸು ಅಮ್ಮ ಮಸಾಲೆ ಸುತ್ತಿದ ಎಲೆಯೊಂದನ್ನು ಹಿಡಿದು ಬಂದಳು. ಮಿರಾನ್ ಅದನ್ನು ಬಾಯಲ್ಲಿಟ್ಟುಕೊಂಡಳು, ಅಗಿಯಲಿಲ್ಲ. ತಾಯಿಯ ತೋಳು ಹಿಡಿದು ಅಡುಗೆಮನೆಗೆ ಎಳೆದು ಬಾಗಿಲು ಹಾಕಿದಳು.

"ಆ ಹಾಡು ಎಲ್ಲಿ ಕಲಿತೆ?"

"ನನ್ನ ಕ್ಯಾಸೆಟ್ಟಲ್ಲಿ. ಕೊನೇದು. ಏನಾಯ್ತೇ?"

"ನೀನು ಅದನ್ನ ಕೇಳೋದೇ ಇಲ್ಲ. ಹತ್ತು ಮುಗಿದ ತಕ್ಷಣ ಆಫ್ ಮಾಡ್ತೀಯ. ನಾನು ಚಿಕ್ಕವಳಿದ್ದಾಗಿಂದ ನೋಡಿದೀನಿ."

"ಕೈ ಅಂಟಾಗಿತ್ತು, ಕೇಳ್ದೆ. ಕೇಳ್ಬಾರ್ದಾ? ನನ್ನ ಕ್ಯಾಸೆಟ್ಟು, ನನ್ನ ಟೇಪು."

"ಅಮ್ಮಾ, ಅದು ಸರ್ಕಾರದ್ದಲ್ಲ." ಮಿರಾನ್‌ಳ ದನಿ ಒಡೆಯಿತು. "ನಮ್ಮ ಕಾಲೇಜಿನ ಬ್ಯಾಂಡಿಂದು. ಸರ್ಕಾರದ ವಿರುದ್ಧ ಮೆರವಣಿಗೇಲಿ ಹಾಡ್ತಿದ್ವಿ. ಮೂವತ್ತು ಕ್ಯಾಸೆಟ್ ಮಾಡಿದ್ವಿ, ಎಲ್ಲಾ ಪೊಲೀಸರ ಕೈಗೆ ಸಿಕ್ಕಿಬಿಟ್ಟವು. ಡ್ರಮ್ ಬಾರಿಸೋನು ಹೋದ ತಿಂಗಳಿಂದ ಒಳಗಿದಾನೆ. ಒಂದೇ ಒಂದು ಉಳಿಸೋಣ ಅಂತ ನಿನ್ನ ಕ್ಯಾಸೆಟ್ ಕೊನೇಲಿ ರೆಕಾರ್ಡ್ ಮಾಡಿಟ್ಟೆ. ಅಲ್ಲಿ ಯಾರೂ ಕೇಳಲ್ಲ ಅಂತ."

ಬೊಕ್‌ಹೀಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಹೊರಗೆ ಯಾರೋ ನಗುತ್ತಿದ್ದರು. ಬೆಳಗಾಗುತ್ತದೆ, ಕೈ ಹಿಡಿದು ನಡೆಯೋಣ. ಸರ್ಕಾರದ ಹಾಡುಗಳಲ್ಲೂ ಇದೇ ಮಾತಲ್ಲವೇ? ಯಾವುದು ಯಾರದ್ದೆಂದು ಆರನೆಯ ತರಗತಿ ಓದಿದ ಹೆಂಗಸು ಹೇಗೆ ತಿಳಿಯಬೇಕು?

"ಆ ಹುಡುಗಿ?" ಎಂದಳು. "ಎರಡನೇ ಚರಣ ಹಾಡ್ತಾಳಲ್ಲ?"

ಮಿರಾನ್ ತಾಯಿಯ ಮುಖ ನೋಡಿದಳು ಅಷ್ಟೆ. ಎರಡು ವಾರದಿಂದ ತನ್ನ ಎದೆ ಹಿಂಡಿದ ದನಿ ತಾನೇ ಹೆತ್ತದ್ದೆಂದು ಬೊಕ್‌ಹೀಗೆ ಆಗ ತಿಳಿಯಿತು. ಈ ಮನೆಯಲ್ಲಿ ಹುಡುಗಿ ಯಾವತ್ತೂ ಹಾಡಿರಲಿಲ್ಲ. ಹಾಡಲು ಅಜ್ಜಿ ಬಿಟ್ಟರೆ ತಾನೇ.

"ಅವರ ಹತ್ರ ನನ್ನ ಹೆಸರಿಲ್ಲ," ಎಂದಳು ಮಿರಾನ್. "ದನಿ ಮಾತ್ರ ಇದೆ. ಹುಡುಗಿ ಯಾರು ಅಂತ ಹುಡುಕ್ತಾ ಇದಾರೆ. ನಿಜ ಹೇಳು, ಓಣಿ ಹೊರಗಿನವ್ರು ಯಾರಾದ್ರೂ ಕೇಳಿದ್ರಾ?"

"ಬರ್ದು ಕೊಟ್ಟೆ."

"ಯಾರಿಗೆ?"

"ಪ್ಯೋಗೆ. ಮೊಹರು ಒತ್ತಿ."

ಮಿರಾನ್ ನೆಲದ ಮೇಲೆ ಕುಕ್ಕರಿಸಿದಳು.

ಆ ಸಂಜೆ ಹೊಸ ಕಿಮ್ಚಿ, ಬೇಯಿಸಿದ ಹಂದಿಮಾಂಸ. ವರ್ಷಕ್ಕೊಮ್ಮೆಯ ಊಟ. ತಟ್ಟೆ ಹಾಗೆಯೇ ಇತ್ತು. ಮಾನ್‌ಸಿಕ್ ಸಿಗರೇಟಿನ ಮೇಲೆ ಸಿಗರೇಟು ಹಚ್ಚಿದ.

"ಓದೋಕೆ ಅಂತ ಕಳಿಸಿದ್ನಾ, ಮೆರವಣಿಗೆ ಮಾಡೋಕೆ ಅಂತ ಕಳಿಸಿದ್ನಾ?"

"ಅಪ್ಪಾ, ನೀವು ಮೀಟರ್ ಓದೋ ಮನೆಗಳಲ್ಲಿ ಎಷ್ಟು ಹುಡುಗರು ವಾಪಸ್ ಬಂದಿಲ್ಲ, ಗೊತ್ತಾ?"

"ಗೊತ್ತು. ಅದಕ್ಕೇ ಹೇಳ್ತಿರೋದು." ಅವನು ಹೆಂಡತಿಯ ಕಡೆ ತಿರುಗಿದ. "ನಿನಗಾದ್ರೂ ಬುದ್ಧಿ ಬೇಡ್ವಾ? ಡ್ರಮ್ಮು ಬಡಿಯೋ ಸರ್ಕಾರ ಎಲ್ಲಿದೆ?"

"ಸರಿ ಬಿಡು ಅಂದಿದ್ದು ಯಾರು? ನಾನಾ?"

"ಬಾಯಿ ಮುಚ್ಚಿ ಎಲ್ರೂ," ಎಂದಳು ಮುದುಕಿ. ಅವಳು ಬೈಯುವ ದನಿಯಲ್ಲಿ ಹೇಳಿರಲಿಲ್ಲ, ಅದಕ್ಕೇ ಎಲ್ಲರೂ ಸುಮ್ಮನಾದರು. "ನನ್ನ ತಮ್ಮ ಮೇಷ್ಟ್ರಾಗಿದ್ದ. ಯುದ್ಧದ ವರ್ಷ ಊರಿಗೆ ಒಂದು ಸೈನ್ಯ ಬಂತು, ಅವರ ಹಾಡನ್ನ ಮಕ್ಕಳಿಗೆ ಕಲಿಸು ಅಂತು. ಕಲಿಸ್ದ. ಮೂರು ತಿಂಗಳಿಗೆ ಆ ಸೈನ್ಯ ಹೋಗಿ ಇನ್ನೊಂದು ಬಂತು. ಮಕ್ಕಳನ್ನ ಸಾಲಾಗಿ ನಿಲ್ಲಿಸಿ ಯಾರು ಕಲಿಸಿದ್ರು ಅಂತ ಕೇಳಿದ್ರು. ಮಕ್ಕಳು ಬೆರಳು ತೋರಿಸಿದ್ವು. ಮುಗೀತು."

ಅವಳೇ ಎದ್ದು ಕ್ಯಾಸೆಟ್ ತೆಗೆದುಕೊಂಡು ಹೋಗಿ ಒಲೆಯ ಬಿಲ್ಲೆಯ ಮೇಲಿಟ್ಟಳು. ಪ್ಲಾಸ್ಟಿಕ್ಕಿನ ಕಮಟು ವಾಸನೆ ಮೂರು ದಿನ ಮನೆ ಬಿಡಲಿಲ್ಲ.

ಮರುದಿನ ಬೊಕ್‌ಹೀ ಒಂದು ಡಬ್ಬಿ ಕಿಮ್ಚಿ ಬಟ್ಟೆಯಲ್ಲಿ ಕಟ್ಟಿಕೊಂಡು ವಾರ್ಡ್ ಆಫೀಸಿಗೆ ಹೋದಳು.

"ಪ್ಯೋ ಅವ್ರೇ, ನಮ್ಮ ಹೆಂಗಸರಿಗೆ ಆ ಹಾಡು ಕೂರ್ತಿಲ್ಲ. ಹಳೇದನ್ನೇ ಹಾಡ್ತೀವಿ. ಆ ಕಾಗದ ಕೊಟ್ಬಿಡಿ."

ಪ್ಯೋ ಡಬ್ಬಿಯನ್ನು ಮೇಜಿನ ಕೆಳಗೆ ಇಟ್ಟುಕೊಂಡ. ಎಂದಿನ ಹಾಗೆ ಹಲ್ಲು ಕಿರಿಯಲಿಲ್ಲ. "ಅದು ಮೇಲಿನ ಆಫೀಸಿಗೆ ಹೋಯ್ತಲ್ಲ ಮುಖಂಡ್ರೆ. ಅಲ್ಲಿ ಯಾರೋ ತುಂಬಾ ಮೆಚ್ಕೊಂಡ್ರಂತೆ. ಎಲ್ಲಿ ಕಲಿತ್ರು ಅಂತ ಕೇಳ್ತಿದ್ರು."

"ಯಾವುದೋ ಕ್ಯಾಸೆಟ್ಟು. ಸುತ್ಕೊಂಡು ಹಾಳಾಯ್ತು, ಬಿಸಾಡ್ದೆ."

"ಅಯ್ಯೋ ಪಾಪ," ಎಂದು ಪ್ಯೋ ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡ.

ಬೊಕ್‌ಹೀ ಮನೆಗೆ ಬಂದವಳೇ ಮಗಳನ್ನು ಗೆಳತಿಯ ಬಾಡಿಗೆ ಕೋಣೆಗೆ ಹೊರಡಿಸಿದಳು. ಅಲ್ಲಿ ಫೋನಿಲ್ಲ, ಯಾರೂ ಹುಡುಕುವ ಜಾಗವಲ್ಲ. ಗೋಸೊಂಗ್ ಹಳ್ಳಿಯಲ್ಲಿ ಮಾನ್‌ಸಿಕ್‌ನ ತಂಗಿಯಿದ್ದಳು. ಅಲ್ಲಿಗೆ ಹೋಗಿ ಚಳಿಗಾಲ ಕಳೆಯುವುದೆಂದಾಯಿತು. ಉಣ್ಣೆಯ ಕೋಟು, ಬಟ್ಟೆಬರೆಯ ಗಂಟು ಹೊತ್ತು ಈಗಲೇ ಹೊರಟರೆ ಓಣಿಯವರೆಲ್ಲ ಕಂಡು ಕೇಳುತ್ತಾರೆ. ಯಾವಾಗ ಬಂದು ಒಯ್ಯುವುದು? ಬೊಕ್‌ಹೀಯೇ ಉಪಾಯ ಹೇಳಿದಳು.

"ಇಪ್ಪತ್ತೈದಕ್ಕೆ ಬಾ. ಸಂಜೆ ಎಂಟಕ್ಕೆ. ಅವತ್ತು ಓಣಿಯೋರೆಲ್ಲ ದಾಲ್‌ಸು ಅಮ್ಮನ ಮನೇಲಿ ಮೀಟಿಂಗಲ್ಲಿರ್ತಾರೆ, ಒಂದು ನರಪಿಳ್ಳೆ ಹೊರಗಿರಲ್ಲ. ನಿಮ್ಮಪ್ಪ ಬಸ್ಸಿಗೆ ಕೂರಿಸ್ತಾರೆ."

"ನೀನಿರಲ್ವಾ?"

"ನಾನು ಓದೋದು ಓದಿಸಿ ಓಡಿ ಬರ್ತೀನಿ. ನಿನ್ನ ಮುಖ ನೋಡ್ದೆ ಕಳಿಸ್ತೀನಾ?"

ಮಿರಾನ್ ಹೊಸ್ತಿಲ ಮೇಲೆ ಬೂಟಿನ ದಾರ ಕಟ್ಟುತ್ತಾ, ತಲೆ ಎತ್ತದೆ ಕೇಳಿದಳು. "ಅಮ್ಮಾ, ಹಾಡು ನಿಜವಾಗ್ಲೂ ಚೆನ್ನಾಗಿತ್ತಾ?"

"ಚೆನ್ನಾಗಿತ್ತು," ಎಂದಳು ಬೊಕ್‌ಹೀ. "ಅದೇ ತಪ್ಪಾಗಿದ್ದು."

ಇಪ್ಪತ್ತೈದು ಬಂತು. ಮಧ್ಯಾಹ್ನದವರೆಗೆ ಬೊಕ್‌ಹೀ ಕೋಟು ಮಡಚಿ, ಕಿಮ್ಚಿ ಡಬ್ಬಿಗೆ ಎರಡು ಪದರ ಪ್ಲಾಸ್ಟಿಕ್ ಸುತ್ತಿ, ಒಣಮೀನು ಹುರಿದು ಕಟ್ಟಿದಳು. ಆರು ಗಂಟೆಗೆ ಪ್ಯೋ ಗೇಟಿನ ಹೊರಗೇ ನಿಂತು ಹೇಳಿದ.

"ಮೀಟಿಂಗು ಈ ಸಲ ನಿಮ್ಮನೇಲಿ ಮುಖಂಡ್ರೆ. ಎಲ್ಲರಿಗೂ ಹೇಳಿಯಾಯ್ತು. ಮೇಲಿನ ಆಫೀಸಿನವ್ರು ಒಬ್ರು ಬರ್ತಾರೆ."

"ನಮ್ಮನೇಲಾ? ಜಾಗ ಸಾಲಲ್ಲ."

"ಸಾಲತ್ತೆ," ಎಂದು ಪ್ಯೋ ಹೋದ.

ಮಾನ್‌ಸಿಕ್ ಟೋಪಿ ಹಾಕಿಕೊಂಡು ಮಗಳನ್ನು ದಾರಿಯಲ್ಲೇ ತಡೆಯಲು ಹೊರಟ. ಓಣಿಯ ಮೆಟ್ಟಿಲ ಬುಡಕ್ಕೆ ಇಳಿಯುವಷ್ಟರಲ್ಲಿ ಕಂದು ಜಾಕೆಟ್ಟಿನವನೊಬ್ಬ ಎದುರಾಗಿ, "ಮನೆ ಯಜಮಾನರಲ್ವಾ? ನೀವಿಲ್ದೆ ಹೇಗೆ, ಬನ್ನಿ ಬನ್ನಿ," ಎಂದು ಹೆಗಲ ಮೇಲೆ ಕೈ ಹಾಕಿ ಕರೆದುಕೊಂಡೇ ಬಂದ. ಇನ್ನೊಬ್ಬ, ಟಾರ್ಚು ಹಿಡಿದವನು, ಅಂಗಳದಲ್ಲಿ ಉಳಿದ.

ಏಳೂವರೆಗೆ ಕೋಣೆ ತುಂಬಿತು. ಕೆಳಗೆ ಹಾಯುವ ಒಲೆಯ ಶಾಖಕ್ಕೆ ನೆಲ ಬೆಚ್ಚಗಿತ್ತು. ತಿಳಿವಳಿಕೆ ಪತ್ರ ಓದಿದ್ದಾಯಿತು: ಬೆಂಕಿಯ ಬಗ್ಗೆ ಎಚ್ಚರ, ಅಪರಿಚಿತರ ಬಗ್ಗೆ ಎಚ್ಚರ. ಎಲ್ಲರೂ ಮೊಹರು ಒತ್ತಿದರು. ಕಂದು ಜಾಕೆಟ್ಟಿನವನು ಐವತ್ತರ ಮೃದು ಮಾತಿನ ಮನುಷ್ಯ. ಬಾರ್ಲಿ ನೀರು ಕುಡಿದು, ಚೀಲದಿಂದ ಸಣ್ಣ ಟೇಪ್ ರೆಕಾರ್ಡರ್ ತೆಗೆದು ನಡುವೆ ಇಟ್ಟು ಗುಂಡಿ ಒತ್ತಿದ. ಡ್ರಮ್ಮು, ಗಿಟಾರು.

"ಅರೆ, ನಮ್ಮ ಹಾಡು," ಎಂದಳು ದಾಲ್‌ಸು ಅಮ್ಮ, ನಗುತ್ತಾ. ಬೇರೆ ಯಾರೂ ನಗದಿದ್ದುದನ್ನು ನೋಡಿ ಸುಮ್ಮನಾದಳು.

ಎರಡನೆಯ ಚರಣ ಮುಗಿದಾಗ ಅವನು ನಿಲ್ಲಿಸಿದ. "ಈ ಹುಡುಗಿ ಯಾರು ಅಂತ ಹೋದ ತಿಂಗಳಿಂದ ಹುಡುಕ್ತಾ ಇದೀವಿ. ಕ್ಯಾಸೆಟ್ಟೆಲ್ಲಾ ನಮ್ಮ ಹತ್ರ ಇದೆ. ಆದ್ರೂ ಈ ಹಾಡು ನಿಮ್ಮ ಓಣಿಗೆ ಬಂತು. ಹೇಗೆ ಬಂತು ಮುಖಂಡ್ರೆ?"

ಗಡಿಯಾರದಲ್ಲಿ ಎಂಟಕ್ಕೆ ಹದಿನೈದು ನಿಮಿಷವಿತ್ತು. ಇವನನ್ನು ಎಬ್ಬಿಸಿ ಕರೆದುಕೊಂಡು ಹೋಗಬೇಕು, ಎಲ್ಲಿಗಾದರೂ ಸರಿ, ಎಂಟರೊಳಗೆ. ಬೊಕ್‌ಹೀಯ ತಲೆಯಲ್ಲಿ ಇದ್ದದ್ದು ಅದೊಂದೇ.

"ಅದು ನಾನೇ," ಎಂದಳು.

"ಏನು ನೀವೇ?"

"ಆ ದನಿ. ನಾನೇ ಹಾಡಿರೋದು. ಹುಡುಗರು ಯಾರೋ ಮಾರುಕಟ್ಟೇಲಿ ಸಿಕ್ಕಿದ್ರು, ಹಾಡ್ತೀರಾ ಅಂದ್ರು, ಹಾಡ್ದೆ. ಹೆಸರು ಕೇಳ್ಲಿಲ್ಲ. ನನ್ನ ಕರ್ಕೊಂಡು ಹೋಗಿ."

ಮೂಲೆಯಿಂದ ಮುದುಕಿ ಹೇಳಿದಳು: "ಹೌದು. ನನ್ನ ಸೊಸೆ ಹಾಡ್ತಾಳೆ. ಮದುವೆಯಾಗಿ ಬಂದಾಗಿಂದ ಹಾಡ್ತಾಳೆ. ಒಳ್ಳೇ ಗಂಟಲು." ಇಪ್ಪತ್ತಾರು ವರ್ಷದಲ್ಲಿ ಅತ್ತೆ ಅವಳ ಬಗ್ಗೆ ಹೇಳಿದ ಮೊದಲ ಒಳ್ಳೆಯ ಮಾತು ಅದು.

ಕಂದು ಜಾಕೆಟ್ಟಿನವನು ತಲೆಯಾಡಿಸಿದ. "ಹಾಗಾದ್ರೆ ಹಾಡಿ. ಕೇಳೋಣ."

ಬೊಕ್‌ಹೀ ಹಾಡಿದಳು. ಮಗಳು ಹಾಡಿದ್ದಂತೆಯೇ, ಅವಳು ಉಸಿರು ಎಳೆದಲ್ಲಿ ಉಸಿರೆಳೆದು, ಅವಳು ಎಳೆದ ಕಡೆ ಎಳೆದು, ಎರಡು ವಾರ ಕೇಳಿದ್ದನ್ನೆಲ್ಲ ಒಟ್ಟು ಮಾಡಿ ಹಾಡಿದಳು. ನಂಬಲಿ, ನಂಬಿಬಿಡಲಿ. ಅವನು ಕಣ್ಣು ಮುಚ್ಚಿ ಕೇಳಿದ. ಟೇಪು ಹಿಂದಕ್ಕೆ ಸುತ್ತಿ ಹುಡುಗಿಯ ಚರಣ ಇನ್ನೊಮ್ಮೆ ಹಾಕಿ ಕೇಳಿದ.

"ಅದೇ ದನಿ," ಎಂದ. "ಎರಡು ಮಾತಿಲ್ಲ."

ಬೊಕ್‌ಹೀ ಏಳಲು ನೆಲಕ್ಕೆ ಕೈಯೂರಿದಳು. ಎಂಟಕ್ಕೆ ಏಳು ನಿಮಿಷ. ಅವನು ಏಳಲಿಲ್ಲ. ಬಟ್ಟಲು ಮುಂದೆ ಚಾಚಿದ.

"ಇನ್ನು ಸ್ವಲ್ಪ ಬಾರ್ಲಿ ನೀರು ಕೊಡಿ ಅಮ್ಮಾ. ನಮ್ಮನೇಲೂ ಹೀಗೇ. ಫೋನಲ್ಲಿ ಹಲೋ ಅಂದ್ರೆ ಹೆಂಡ್ತಿನೋ ಮಗಳೋ ಇವತ್ತಿಗೂ ನನಗೆ ಗೊತ್ತಾಗಲ್ಲ." ನೋಟ್‌ಬುಕ್ಕಿನಲ್ಲಿ ಒಂದು ಪುಟ ತಿರುಗಿಸಿದ. "ನಿಮಗೆ ನಲವತ್ತಾರು. ಟೇಪಲ್ಲಿರೋ ಹುಡುಗಿಗೆ ಇಪ್ಪತ್ತು ದಾಟಿಲ್ಲ. ಆಗಿಂದ ಗಡಿಯಾರ ನೋಡ್ತಿದೀರಿ, ಮಿರಾನ್ ಎಷ್ಟು ಗಂಟೆಗೆ ಬರ್ತಾಳೆ?"

ಆ ಹೆಸರನ್ನು ಕೋಣೆಯಲ್ಲಿ ಯಾರೂ ಎತ್ತಿರಲಿಲ್ಲ. ಅವರ ಬಳಿ ಇದ್ದದ್ದು ದನಿಯೊಂದೇ. ಆ ದನಿ ಯಾವ ಮನೆಯದೆಂದು ಬೊಕ್‌ಹೀ ತಾನೇ ಬಾಯಾರೆ ಹಾಡಿ ತೋರಿಸಿದ್ದಳು.

"ಅವಳು ಊರಲ್ಲಿಲ್ಲ," ಎಂದ ಮಾನ್‌ಸಿಕ್.

"ಕಾಯೋಣ ಬಿಡಿ. ನೆಲ ಬೆಚ್ಚಗಿದೆ."

ಮುದುಕಿ ಗೋಡೆ ಹಿಡಿದು ಎದ್ದಳು. "ನಾನು ಹೊರಗೆ ಹೋಗ್ಬೇಕು. ವಯಸ್ಸಾದೋರಿಗೆ ತಡೆಯಲ್ಲ."

"ಕೂತ್ಕೊಳ್ಳಿ ಅಜ್ಜಿ. ಅಂಗಳದಲ್ಲಿ ಕತ್ತಲೆ, ಎಡವಿ ಬೀಳ್ತೀರಿ. ಇನ್ನೇನು ಐದು ನಿಮಿಷ." ಅವನು ಬಾಗಿಲಿಗೆ ಬೆನ್ನು ಕೊಟ್ಟು ಕೂತ.

ಹೆಂಗಸರೆಲ್ಲ ತಮ್ಮ ತಮ್ಮ ಮಂಡಿ ನೋಡುತ್ತಿದ್ದರು. ದಾಲ್‌ಸು ಅಮ್ಮ ನಿಧಾನವಾಗಿ ಕೈ ಚಾಚಿ ಬೊಕ್‌ಹೀಯ ಕೈ ಹಿಡಿದಳು. ಕೂಗಬೇಕು, ಓಡು ಎಂದು ಕಿರುಚಬೇಕು ಎಂದು ಬೊಕ್‌ಹೀ ಉಸಿರೆಳೆದಳು. ಅಷ್ಟರಲ್ಲಿ ಅಂಗಳದ ಗೇಟು ಕಿರ್ರೆಂದಿತು. ಬಾಗಿಲ ಹೊರಗೆ ಸಾಲಾಗಿ ಬಿಟ್ಟಿದ್ದ ಚಪ್ಪಲಿಗಳನ್ನು ನೋಡಿ ಮಗಳು ಹಿಂದೆ ತಿರುಗುವಳೆಂದು ಒಂದು ಕ್ಷಣ ಆಸೆಯಾಯಿತು. ಟಾರ್ಚಿನ ಬೆಳಕು ಕಾಗದ ಹೊದಿಸಿದ ಬಾಗಿಲ ಮೇಲೆ ಹಾದು ಆರಿಹೋಯಿತು.

"ಅಮ್ಮಾ, ಬಂದೆ," ಎಂದಿತು ಹೊರಗಿನ ದನಿ.

ಕಂದು ಜಾಕೆಟ್ಟಿನವನು ನೋಟ್‌ಬುಕ್ಕು ಮುಚ್ಚಿದ.